ಟೈಲರ್ ಬರೆದಿದ್ದ ಐದು ಸಾಲು

ಇದನ್ನು ಬರೆಯಬೇಕು ಅಂತ ನಾಲ್ಕೈದು ಸಲ ಕೂತಿದ್ದೇನೆ. ಒಂದು ಸಲ ಪೆನ್ನು ಸರಿಯಿಲ್ಲ ಅಂದುಕೊಂಡು ಎದ್ದೆ. ಇನ್ನೊಂದು ಸಲ ಕನ್ನಡಕ ಬದಲಾಯಿಸಿದ ಮೇಲೆ ಬರೆದರಾಯಿತು ಅಂದುಕೊಂಡೆ. ಕನ್ನಡಕ ಬದಲಾಯಿಸಿಯೂ ಬಹಳ ದಿನವಾಯಿತು. ಹೇಳಿಬಿಟ್ಟರೆ ಮಧುಗಿರಿಯ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯಲಾರೆ ಅನ್ನುವ ಭಯವೇ ನಿಜವಾದ ಕಾರಣ.

ಹೋದ ತಿಂಗಳು ಕೊರಟಗೆರೆಗೆ ಹೋಗಿದ್ದೆ. ಹಿರಿಯ ನಾಗರಿಕರ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸೋಣ ಅಂತ ತಾಲ್ಲೂಕು ಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನಿಂತೆ. ಯಂತ್ರದಿಂದ ಕಾರ್ಡು ಹೊರಗೆ ಬರುವಾಗ ಪ್ಲಾಸ್ಟಿಕ್ ಕಾದ ವಾಸನೆ ಮೂಗಿಗೆ ಬಡಿಯಿತು. ಒಂದು ವರ್ಷ ಪೂರ್ತಿ ನಾನು ದಿನಾ ಬೆಳಿಗ್ಗೆ ಆ ವಾಸನೆಯಲ್ಲೇ ಕೂತು ಟೀ ಕುಡಿದವನು. ಕಾರ್ಡು ಇನ್ನೂ ಬಿಸಿಯಿತ್ತು. ಅಂಗಡಿಯವನು, "ಏನ್ ಸಾಮಿ, ಬೆವರ್ತಾ ಇದ್ದೀರಿ, ಕೂತ್ಕಳಿ" ಅಂದ. ಕೂರಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಮೂವತ್ತು ವರ್ಷಕ್ಕೂ ಮೇಲೆ ಇನ್ಶೂರೆನ್ಸ್ ಏಜೆಂಟ್ ಆಗಿದ್ದೆ. ಮೊದಲು ಒಂದೇ ಕಂಪನಿಗೆ, ಆಮೇಲೆ ನಾಲ್ಕಾರು ಕಂಪನಿಗಳ ಪಾಲಿಸಿ ಮಾರುವ ಸ್ವತಂತ್ರ ಏಜೆಂಟ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಹಳ್ಳಿಗಳ ಜಗಲಿ ನನಗೆ ಗೊತ್ತಿತ್ತು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಮಜ್ಜಿಗೆ ಕೊಡುತ್ತಾರೆ ಎಂಬುದೂ ಗೊತ್ತಿತ್ತು. ಆದರೆ ಕೊರೊನಾ ಕಳೆದ ಮೇಲೆ ಜನ ಜಗಲಿಯ ಮೇಲೆ ಕೂರಿಸಿಕೊಳ್ಳುವುದನ್ನೇ ಬಿಟ್ಟರು. ಹುಡುಗರು ಫೋನಿನಲ್ಲೇ ಪಾಲಿಸಿ ನೋಡಿ, ಫೋನಿನಲ್ಲೇ ಕೊಳ್ಳತೊಡಗಿದರು. ನನ್ನ ಚರ್ಮದ ಬ್ಯಾಗು ಕಂಡರೆ, "ಆಮೇಲೆ ಬನ್ನಿ ಯಜಮಾನ್ರೇ" ಅನ್ನುತ್ತಿದ್ದರು.

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಬ್ಬಳು ಹುಡುಗಿ ಆನ್‌ಲೈನ್ ಸೆಂಟರ್ ಇಟ್ಟಿದ್ದಳು. ಪಹಣಿ, ಜಾತಿ ಪ್ರಮಾಣಪತ್ರ, ಆಧಾರ್ ತಿದ್ದುಪಡಿ, ಪರೀಕ್ಷೆ ಅರ್ಜಿ, ಲ್ಯಾಮಿನೇಷನ್, ಎಲ್ಲ ಮಾಡಿಕೊಡುತ್ತಿದ್ದಳು. ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದಳು, ವಯಸ್ಸು ಇಪ್ಪತ್ತೆಂಟಿರಬಹುದು. ಊರಿನವರು ಅವಳನ್ನು 'ಸೆಂಟರ್ ಮೇಡಂ' ಅನ್ನುತ್ತಿದ್ದರು. ಅವಳು ನನ್ನನ್ನು ದೊಡ್ಡಪ್ಪ ಅನ್ನುತ್ತಿದ್ದಳು. ಸಂಬಂಧವೇನಿಲ್ಲ, ಅಕ್ಕರೆಗೆ. ಯುಗಾದಿ ಕಳೆದ ವಾರ ಅವಳೇ ಹೇಳಿದಳು.

"ದೊಡ್ಡಪ್ಪ, ನಿಮಗೊಂದು ವೆಬ್‌ಸೈಟ್ ಮಾಡ್ಕೊಡ್ತೀನಿ. ನೀವು ಮನೆ ಮನೆ ತಿರುಗೋದು ಬುಡಿ. ಅವರೇ ಹುಡುಕ್ಕೊಂಡು ಬರ್ತಾರೆ."

"ನನ್ನನ್ನ ಯಾರಮ್ಮ ಹುಡುಕ್ತಾರೆ?"

"ಪಾಲಿಸಿ ಹುಡುಕ್ತಾರೆ. ನೀವು ಅದರ ಹಿಂದೆ ನಿಂತಿರ್ತೀರ."

ಫೋಟೋ ಬೇಕು ಅಂದಳು. ಸ್ಟುಡಿಯೋದವನು ತನ್ನ ಕೋಟು ಹಾಕಿಸಿ, ದೊಗಳೆಯಾಯಿತೆಂದು ಬೆನ್ನಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ. ಫೋಟೋ ನೋಡಿ ಅವಳು ಬಿದ್ದು ಬಿದ್ದು ನಕ್ಕಳು. "ನಗಬೇಡಿ ದೊಡ್ಡಪ್ಪ, ನಕ್ರೆ ಕಂತು ವಸೂಲಿಗೆ ಬಂದಂಗೆ ಕಾಣ್ತೀರ!" ಇನ್ನೊಂದು ತೆಗೆಸಿದೆವು.

ಆ ಬೇಸಿಗೆ ಮಧುಗಿರಿ ಬೆಟ್ಟದ ಬಂಡೆ ಸಂಜೆಯಾದರೂ ಶಾಖ ಬಿಡುತ್ತಿತ್ತು. ಆ ಕಾವಿನಲ್ಲಿ ಇಬ್ಬರೂ ಕೂತು ವೆಬ್‌ಸೈಟಿನ ಒಂದೊಂದು ಪುಟ ಬರೆದೆವು. ಕೊನೆಯ ಪುಟದಲ್ಲಿ ಹೆಸರು, ಊರು, ಫೋನ್ ನಂಬರ್, ನಿಮ್ಮ ಪ್ರಶ್ನೆ ಎಂದು ನಾಲ್ಕು ಖಾನೆ ಇಟ್ಟಳು. ಅದರ ಮೇಲೆ ತಾನೇ ಒಂದು ಸಾಲು ಬರೆದಳು: 'ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಇದ್ದದ್ದನ್ನು ಬರೆಯಿರಿ, ದಾರಿ ನಾವು ಹುಡುಕುತ್ತೇವೆ.'

"ಇದ್ಯಾಕಮ್ಮ? ಜನ ಹೆದರ್ತಾರೆ" ಅಂದೆ.

"ಕ್ಲೇಮು ವಾಪಸ್ ಬಂದ ಕಾಗದ ಹಿಡ್ಕೊಂಡು ನನ್ನ ಹತ್ರಾನೇ ಬರ್ತಾರೆ ದೊಡ್ಡಪ್ಪ, ಓದಿ ಹೇಳು ಅಂತ. ಓದೋಳು ನಾನು. ಈ ಸಾಲು ಇರ್ಲಿ."

ಇರಲಿ ಅಂದೆ. ನನಗೇನು ಹೋಗಬೇಕಿತ್ತು?

ಮೂರು ತಿಂಗಳು ಒಬ್ಬ ಗ್ರಾಹಕನೂ ಬರಲಿಲ್ಲ. ಒಬ್ಬ 'ಸಾಲ ಕೊಡ್ತೀರಾ' ಅಂತ ಬರೆದಿದ್ದ. ಇನ್ನೊಬ್ಬ ತನ್ನ ಹಸುವಿನ ಕಿವಿಗೆ ಹಾಕಿದ್ದ ಇನ್ಶೂರೆನ್ಸ್ ಬಿಲ್ಲೆ ಬಿದ್ದುಹೋಗಿದೆ ಅಂದಿದ್ದ. ಉಳಿದವೆಲ್ಲ ಇಂಗ್ಲಿಷಿನ ಜಾಹೀರಾತು ಕಸ. ಆ ಕಸ ಅಳಿಸುವುದು ಹೇಗೆಂದು ಅವಳು ನನ್ನ ಫೋನಿನಲ್ಲೇ ತೋರಿಸಿಕೊಟ್ಟಳು. ದಿನಾ ಅಳಿಸುತ್ತಿದ್ದೆ. ಆ ವಿದ್ಯೆಯೊಂದನ್ನು ಮಾತ್ರ ಚೆನ್ನಾಗಿ ಕಲಿತೆ.

ಆಷಾಢದಲ್ಲಿ, ಗಾಳಿ ಅಂಗಡಿಗಳ ಬೋರ್ಡು ಕಿತ್ತುಹಾಕುವಂತೆ ಬೀಸುತ್ತಿದ್ದ ಒಂದು ಮಧ್ಯಾಹ್ನ, ಅವಳ ಫೋನು ಬಂತು. "ದೊಡ್ಡಪ್ಪ, ಬಂತು! ನಿಜವಾದ ಗ್ರಾಹಕ, ನಾಗಲಮಡಿಕೆಯಿಂದ! ಓದ್ತೀನಿ ಕೇಳಿ." ಓದಿದಳು. ಐದು ಸಾಲು. ಇವತ್ತಿಗೂ ನನಗೆ ಬಾಯಿಗೆ ಬರುತ್ತದೆ.

'ನನ್ನ ಹೆಸರು ಆಂಜಿನಪ್ಪ, ಟೈಲರ್. ನನಗೆ ಮೂರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ದಿನಾ ಎರಡು ಮಾತ್ರೆ ತಗೊಳ್ತೀನಿ. ಇದ್ದದ್ದು ಇದ್ದಂತೆ ಬರೆದಿದ್ದೇನೆ. ನನಗೆ ಪಾಲಿಸಿ ಸಿಗುತ್ತದೆಯೇ?'

ಮಾರನೆಯ ದಿನವೇ ಪಾವಗಡದ ಬಸ್ಸು ಹತ್ತಿದೆ. ಆಂಜಿನಪ್ಪ ಮನೆಯ ಪಡಸಾಲೆಯಲ್ಲೇ ಮಿಷನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು. ಗೋಡೆಗೆ ಅಳತೆ ಪುಸ್ತಕ ತೂಗಿತ್ತು. ಹತ್ತು ವರ್ಷದ ಹಿಂದೆ ಅಳತೆ ಕೊಟ್ಟವರ ಹೆಸರೂ ಅದರಲ್ಲಿತ್ತು. ನನ್ನ ಭುಜ ನೋಡಿದವನೇ, "ಸಾರ್, ನಿಮ್ಮ ಎಡಗಡೆ ಭುಜ ಅರ್ಧ ಇಂಚು ಇಳಿದದೆ. ಬ್ಯಾಗು ಒಂದೇ ಕಡೆ ಹಾಕ್ಕಂಬೇಡಿ" ಅಂದ. ಹೆಂಡತಿ ಕಡಲೆಕಾಯಿ ಹೊಲದ ಕಳೆಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ.

ಇಲ್ಲಿ ನಮ್ಮ ಕಸುಬಿನ ಒಂದು ಅಭ್ಯಾಸ ಹೇಳಬೇಕು. ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿರುತ್ತವೆ. ಹೃದಯದ ತೊಂದರೆ ಇದೆಯೇ, ಸಕ್ಕರೆ ಇದೆಯೇ, ಆಸ್ಪತ್ರೆಗೆ ಸೇರಿದ್ದಿರಾ ಅಂತ ಸಾಲಾಗಿ. ಪಕ್ಕದಲ್ಲಿ 'ಹೌದು', 'ಇಲ್ಲ'. ಕಾಗದದ ಕಾಲದಿಂದಲೂ ನಾವು ಅದನ್ನು ಗ್ರಾಹಕನಿಗೆ ಓದಿ ಹೇಳುತ್ತಿರಲಿಲ್ಲ. ಮಳೆ ಹೆಂಗೆ, ರಾಗಿ ಹೆಂಗೆ ಅಂತ ಮಾತಾಡುತ್ತ ಮಾತಾಡುತ್ತ 'ಇಲ್ಲ'ದ ಉದ್ದಕ್ಕೂ ಮೇಲಿಂದ ಕೆಳಗೆ ಗುರುತು ಹಾಕಿಬಿಡುತ್ತಿದ್ದೆವು. ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಇಂಟು ಗುರುತು. 'ಇಲ್ಲಿ ಒಂದು, ಇಲ್ಲೊಂದು.' ಮುಗಿಯಿತು. ಹೌದು ಅಂತ ಒಂದು ಗುರುತು ಬಿದ್ದರೂ ತುಮಕೂರಿಗೆ ಪರೀಕ್ಷೆಗೆ ಕಳಿಸಬೇಕು, ವಾರಗಟ್ಟಲೆ ಕಾಯಬೇಕು, ಕಂಪನಿ ಒಪ್ಪದೆಯೂ ಇರಬಹುದು.

ಫೋನಿನಲ್ಲಿ ಅರ್ಜಿ ತೆರೆದೆ. ಆಂಜಿನಪ್ಪ ಕತ್ತರಿ ಕೆಳಗಿಟ್ಟು ಕೇಳಿದ.

"ಸಾರ್, ನಾನು ಬರೆದಿದ್ದು ಓದಿದ್ರಾ?"

"ಓದಿದೆ ಕಣಪ್ಪ. ಅದನ್ನೆಲ್ಲ ನಾನು ನೋಡ್ಕೊಳ್ತೀನಿ ಬುಡು."

"ಅಲ್ಲ, ಆಮ್ಯಾಕೆ ತೊಂದ್ರೆ ಆಗಬಾರದು. ಪರೀಕ್ಷೆ ಅಂದ್ರೆ ಬರ್ತೀನಿ."

"ಮೂವತ್ತು ವರ್ಷದಿಂದ ಮಾಡ್ತಾ ಇದ್ದೀನಿ. ನಿನ್ನ ಫೋನಿಗೆ ನಂಬರ್ ಬಂದೈತೆ, ಹೇಳು."

ಹೇಳಿದ. ಈಗ ಸಹಿಯ ಬದಲು ಆ ನಂಬರು. ಅಷ್ಟರಲ್ಲಿ ಎಲ್ಲಕ್ಕೂ ಇಲ್ಲ ಅಂತ ಒತ್ತಿದ್ದೆ. ವೆಬ್‌ಸೈಟಿನಿಂದ ಬಂದ ನನ್ನ ಮೊದಲ ಗ್ರಾಹಕ ಕೈತಪ್ಪಿ ಹೋಗಬಾರದಿತ್ತು. ಅಷ್ಟೇ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ದೀಪಾವಳಿ ಕಳೆದ ಮೇಲೆ ಆಂಜಿನಪ್ಪ ಮಿಷನ್ ಮುಂದೆ ಕೂತಲ್ಲೇ ಎದೆನೋವು ಬಂದು ಸತ್ತ. ನಾನೇ ಹೋಗಿ ಕ್ಲೇಮಿನ ಕಾಗದ ಮಾಡಿಕೊಟ್ಟೆ. ಅವನ ಹೆಂಡತಿ ಲಕ್ಷ್ಮಕ್ಕ ಹೆಬ್ಬೆರಳಿಗೆ ಇಂಕು ಬೇಡ ಅಂದು, ಒತ್ತಿ ಒತ್ತಿ ಹೆಸರು ಬರೆದಳು. ಪಾಲಿಸಿ ಮಾಡಿಸಿದ ಸ್ವಲ್ಪ ದಿನಕ್ಕೇ ಸಾವಾದರೆ ಕಂಪನಿಯವರು ವಿಚಾರಣೆ ಮಾಡುತ್ತಾರೆ. ಮಾಡಿದರು. ಆಸ್ಪತ್ರೆಯ ಚೀಟಿಯಲ್ಲಿ ಸಕ್ಕರೆ ಕಾಯಿಲೆ ಸಿಕ್ಕಿತು. ಸಂಕ್ರಾಂತಿಯ ಹೊತ್ತಿಗೆ ಕಾಗದ ಬಂತು: ಮೃತರು ಸತ್ಯ ಮುಚ್ಚಿಟ್ಟು, ಸುಳ್ಳು ಹೇಳಿ ಪಾಲಿಸಿ ಪಡೆದಿದ್ದಾರೆ, ಕ್ಲೇಮು ಕೊಡಲಾಗುವುದಿಲ್ಲ.

ಲಕ್ಷ್ಮಕ್ಕ ಫೋನು ಮಾಡಿದಳು. ಅಳಲಿಲ್ಲ. ಪಾವಗಡದ ಕಡೆಯವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಆಯನ ಅಬದ್ಧಂ ಚೆಪ್ಪೇ ಮನಿಷಿ ಕಾದು ಸಾರೂ. ಸುಳ್ಳು ಹೇಳಾ ಮನುಷ್ಯನೇ ಅಲ್ಲ. ನಿಮ್ಮ ವೆಬ್‌ಸೈಟ್‌ನಾಗೆ ಎಲ್ಲಾ ಬರ್ದಿವ್ನಿ ಅಂತ ನಂತಾವ ಅಂದಿದ್ರು. ಆ ಕಾಗದ ತೆಗೆದು ಕಂಪನಿಯೋರ ಮುಖಕ್ಕೆ ತೋರಿಸ್ರಿ. ದುಡ್ಡು ಆಮ್ಯಾಕೆ. ಈ ಸುಳ್ಳು ಅನ್ನಾ ಮಾತು ಅಳಿಸ್ಲಿ. ನಾಳೆ ಬತ್ತೀನಿ."

ಅವಳಿಗೆ ಗಂಡನ ಹೆಸರು ಬೇಕಿತ್ತು. ನನಗೆ ನನ್ನ ಲೈಸೆನ್ಸು ಬೇಕಿತ್ತು. ಆ ಐದು ಸಾಲು ಹೊರಗೆ ಬಂದರೆ ಮುಚ್ಚಿಟ್ಟವನು ಟೈಲರ್ ಅಲ್ಲ, ನಾನು ಅಂತ ಗೊತ್ತಾಗುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಅವರೆಕಾಯಿ ಮೂಟೆ ಇಳಿಸುತ್ತಿದ್ದರು. ಫೋನು ತೆಗೆದು ವೆಬ್‌ಸೈಟಿನ ಒಳಗಿನ ಪುಟಕ್ಕೆ ಹೋದೆ. ಆಂಜಿನಪ್ಪನ ಹೆಸರಿನ ಪಕ್ಕ ಚೌಕದಲ್ಲಿ ಗುರುತು ಹಾಕಿದೆ. 'ಅಳಿಸಬೇಕೆ?' ಅಂತ ಕೇಳಿತು. ಪಾವಗಡದ ಬಸ್ಸು ನಿಲ್ದಾಣಕ್ಕೆ ತಿರುಗಿತು. ಕಿಟಕಿಯಲ್ಲಿ ಲಕ್ಷ್ಮಕ್ಕನ ಮುಖ ಕಾಣಿಸಿತು. ಒತ್ತಿದೆ.

ನೇರ ಸೆಂಟರಿಗೆ ಕರೆದುಕೊಂಡು ಹೋದೆ. ಪಹಣಿಗೆ ಬಂದವರು ಏಳೆಂಟು ಜನ ನಿಂತಿದ್ದರು. ಹುಡುಗಿ ನಗುತ್ತಲೇ, "ಬನ್ನಿ ಅಕ್ಕ, ಇದೆ, ಒಂದು ನಿಮಿಷ" ಅಂದು ತೆರೆದಳು. ಕೆಳಗೆ ಹೋದಳು, ಮೇಲೆ ಬಂದಳು, ಮತ್ತೆ ಕೆಳಗೆ ಹೋದಳು. ಅವಳ ಬೆರಳು ನಿಂತಿತು.

"ಇತ್ತು. ನಾನೇ ನೋಡಿದ್ದೆ. ದೊಡ್ಡಪ್ಪ, ನಾನೇ ಫೋನಲ್ಲಿ ಓದಿ ಹೇಳಿದ್ನಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಆಗಲೂ ಹೂಂ ಅನ್ನಬಹುದಿತ್ತು.

"ನನಗೆ ಯಾರೂ ಏನೂ ಓದಿ ಹೇಳಿಲ್ಲ ಕಣಮ್ಮ" ಅಂದೆ. ದನಿ ನಡುಗಲಿಲ್ಲ. ಮೂವತ್ತು ವರ್ಷ ಜನರ ಮುಂದೆ ಮಾತಾಡಿದ ದನಿ. "ನಿನ್ನ ವೆಬ್‌ಸೈಟೇ ಸರಿಯಿಲ್ಲ. ಬಂದಿದ್ದು ನಿಲ್ಲಲ್ಲ. ನಾನು ಓದುಬರಹ ಕಮ್ಮಿ ಇರೋನು, ನಿನ್ನ ನಂಬಿ ಕೆಟ್ಟೆ."

ಅವಳು ನನ್ನ ಕೈಲಿದ್ದ ಫೋನನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಗೊತ್ತಾಯಿತು ಅವಳಿಗೆ.

ನಿಂತಿದ್ದವರಲ್ಲಿ ಒಬ್ಬ, "ನಮ್ಮ ಪಹಣಿನಾದ್ರೂ ಕಳಿಸಿದ್ದೀಯೇನಮ್ಮ, ಅದೂ ಹಾರೋಯ್ತಾ?" ಅಂದ. ಕೆಲವರು ನಕ್ಕರು.

ಮೂರನೆಯ ದಿನ ಹುಡುಗಿ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಒಂದು ಕಾಗದ ಕೊಟ್ಟಳು. ವೆಬ್‌ಸೈಟ್ ಶುರುವಾದಾಗ ನನಗೆ ಇಮೇಲ್ ಇರಲಿಲ್ಲ ಅಂತ ತನ್ನದೇ ವಿಳಾಸ ಹಾಕಿದ್ದಳಂತೆ. ಜನ ಬರೆದದ್ದರ ಪ್ರತಿ ಅಲ್ಲಿ ಉಳಿದಿತ್ತು. ಐದೂ ಸಾಲು, ತಾರೀಖಿನ ಸಮೇತ.

"ನಾನು ಲಕ್ಷ್ಮಕ್ಕಂಗೆ ಕೊಡಬಹುದಿತ್ತು. ಕೊಟ್ರೆ ನಿಮ್ಮ ಲೈಸೆನ್ಸ್ ಹೋಗುತ್ತೆ. ನೀವೇ ತಗೊಂಡೋಗಿ ಕೊಡಿ. ಮರೆತು ತಪ್ಪು ಒತ್ತಿದೆ ಅಂತ ಒಪ್ಕಳಿ. ವಯಸ್ಸಾದೋರು, ಬಿಟ್ಟುಬುಡ್ತಾರೆ."

"ಆಯ್ತು ಕಣಮ್ಮ" ಅಂದೆ.

"ಕೊಡ್ತೀರ ಅಲ್ವಾ ದೊಡ್ಡಪ್ಪ?"

"ಕೊಡ್ತೀನಿ."

ಕೊಟ್ಟೆ. ಬೇಸಿಗೆ ಶುರುವಾದಾಗ ಬೆಂಗಳೂರಿನಲ್ಲಿ, ಇನ್ಶೂರೆನ್ಸ್ ದೂರು ಕೇಳುವ ಅಧಿಕಾರಿಯ ಮುಂದೆ ಲಕ್ಷ್ಮಕ್ಕನ ದೂರಿನ ವಿಚಾರಣೆ ನಡೆಯಿತು. ತಂಪು ಕೋಣೆ, ಉದ್ದನೆಯ ಮೇಜು, ಪಕ್ಕದಲ್ಲಿ ಲಕ್ಷ್ಮಕ್ಕ. ಅಧಿಕಾರಿ ಕಾಗದ ಓದಿ ಕೇಳಿದರು: "ಇಷ್ಟು ಸ್ಪಷ್ಟವಾಗಿ ಬರೆದಿದ್ದಾರೆ. ನೀವು ಇಲ್ಲ ಅಂತ ಯಾಕೆ ಹಾಕಿದಿರಿ?"

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ 'ತಪ್ಪಾಯ್ತು ಸಾರ್' ಅನ್ನುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಇದು ನನ್ನ ಕೈಗೆ ಬಂದಿದ್ದೇ ಈಗ ಸಾರ್. ಆಗ ನನಗೆ ಹೆಸರು, ಊರು ಅಷ್ಟೇ ಹೇಳಿದ್ದು. ವೆಬ್‌ಸೈಟ್ ನೋಡ್ಕೊಳ್ಳೋ ಸೆಂಟರಿನವಳು ಇಷ್ಟು ದಿನ ತನ್ನ ಹತ್ರಾನೇ ಇಟ್ಕೊಂಡಿದ್ದಳು. ನೋಡಿ, ಅವಳ ಇಮೇಲಲ್ಲೇ ಇತ್ತು."

ಬರೆದುಕೊಡಿ ಅಂದರು. ಬರೆದುಕೊಟ್ಟೆ. 'ಸದರಿ ಸೆಂಟರಿನ ಆಪರೇಟರ್ ಮಾಹಿತಿಯನ್ನು ನನಗೆ ತಲುಪಿಸಿರುವುದಿಲ್ಲ.' ಅವಳ ಹೆಸರು ಬರೆಯಲು ಕೈ ಬರಲಿಲ್ಲ. ಅದನ್ನೇ ಒಂದು ದಯೆ ಅಂತ ಆಗ ಅಂದುಕೊಂಡೆ.

ಕ್ಲೇಮು ಸಿಕ್ಕಿತು. ಸುಳ್ಳು ಅನ್ನುವ ಮಾತನ್ನು ಕಂಪನಿ ಹಿಂದಕ್ಕೆ ತೆಗೆದುಕೊಂಡಿತು. ನನಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು. ಆದೇಶ ಕೈಗೆ ಬಂದ ದಿನ ಲಕ್ಷ್ಮಕ್ಕ ಮಧುಗಿರಿಯಲ್ಲಿ ಇಳಿದು ನನ್ನ ಕಾಲು ಮುಟ್ಟಿದಳು. ಆಮೇಲೆ ಸೆಂಟರಿನ ಕಡೆ ನಡೆದಳು. ನಾನು ಎದುರಿನ ಹೋಟೆಲಿನ ಬಾಗಿಲಲ್ಲಿ ನಿಂತೆ. ಲಕ್ಷ್ಮಕ್ಕ ರಸ್ತೆ ಬದಿಯಿಂದ ಒಂದು ಹಿಡಿ ಮಣ್ಣು ಬಾಚಿದಳು. ನಮ್ಮ ಕಡೆ ಹೆಂಗಸರು ಹೊಟ್ಟೆ ಉರಿದು ಶಾಪ ಹಾಕುವಾಗ ಮಣ್ಣು ತೂರುತ್ತಾರೆ. ಜನ ಅದಕ್ಕೆ ಹೊಡೆತಕ್ಕಿಂತ ಹೆಚ್ಚು ಹೆದರುತ್ತಾರೆ.

"ಸತ್ತೋನ ಬಾಯಿಗೆ ಸುಳ್ಳು ತುರುಕಿದ್ಯಲ್ಲೇ! ನಿನ್ನ ಅಂಗಡಿ ಹಾಳಾಗ! ನಿನ್ನ ಮಾತು ಯಾರೂ ನಂಬದಂಗಾಗ!"

ಮಣ್ಣು ಲ್ಯಾಮಿನೇಷನ್ ಮಿಷನ್ನಿನ ಮೇಲೆ, ಕಾಗದಗಳ ಮೇಲೆ, ಹುಡುಗಿಯ ಕೂದಲ ಮೇಲೆ ಬಿತ್ತು. ಅವಳು ಎದ್ದು ನಿಂತಳು. ರಸ್ತೆಯಾಚೆ ನನ್ನನ್ನು ನೋಡಿದಳು. ಒಂದೇ ಒಂದು ಸಲ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಸೆರಗಿನಿಂದ ಕೀಬೋರ್ಡು ಒರೆಸತೊಡಗಿದಳು. ನಾನು ಹೋಟೆಲಿನ ಒಳಗೆ ಹೋಗಿ ಕೂತೆ.

ಜನ ತಮ್ಮ ಆಧಾರ್, ಪಹಣಿ ಕೊಟ್ಟು ಹೋಗುವುದು ನಂಬಿಕೆಯ ಮೇಲೆ. ಅರ್ಜಿ ಬಚ್ಚಿಡುತ್ತಾಳಂತೆ, ಮಣ್ಣು ತೂರಿಸಿಕೊಂಡಳಂತೆ ಅಂತ ಮಾತು ಹಬ್ಬಿತು. ಶಿರಾದ ಒಂದು ಬಟ್ಟೆ ಅಂಗಡಿಯವರು ವೆಬ್‌ಸೈಟ್ ಮಾಡಿಸಬೇಕೆಂದಿದ್ದವರು ಬೇಡ ಅಂದರು. ಮತ್ತೆ ಆಷಾಢ ಬರುವಷ್ಟರಲ್ಲಿ ಅವಳ ಬಾಗಿಲ ಮೇಲಿನ ಬೋರ್ಡು ಇಳಿದಿತ್ತು.

ನನ್ನ ವೆಬ್‌ಸೈಟ್ ಚಿಗುರಿದ್ದು ಆಗ. ತುಮಕೂರಿನ ಒಬ್ಬನಿಗೆ ಹೇಳಿ ಲಕ್ಷ್ಮಕ್ಕನ ಜೊತೆ ನಿಂತ ಫೋಟೋ ಹಾಕಿಸಿದೆ. 'ಬಡ ವಿಧವೆಗಾಗಿ ಬೆಂಗಳೂರಿನವರೆಗೂ ಹೋರಾಡಿದ ಏಜೆಂಟ್.' ನಾಲ್ಕೂ ತಾಲ್ಲೂಕಿನಿಂದ ದಿನಾ ಒಬ್ಬರಾದರೂ ಬರೆಯತೊಡಗಿದರು. ಎರಡು ವರ್ಷ ಅದರ ಮೇಲೆ ಬದುಕಿದೆ, ಚೆನ್ನಾಗಿಯೇ ಬದುಕಿದೆ. ಆಮೇಲೆ ಒಂದು ದಿನ ಶಿರಾ ಬಸ್ ನಿಲ್ದಾಣದಲ್ಲಿ ಸೆಂಟರಿನ ಹುಡುಗಿ ಎದುರಾದಳು. ಊಟದ ಡಬ್ಬಿಯ ಚೀಲ ಹಿಡಿದು ಯಾವುದೋ ಕೆಲಸಕ್ಕೆ ಹೊರಟಂತಿತ್ತು.

"ಚೆನ್ನಾಗಿದ್ದೀರಾ ದೊಡ್ಡಪ್ಪ?" ಅಂದಳು.

"ಹೂಂ" ಅಂದೆ. ಯಾವ ಊರಿನದೋ ನೋಡದೆ ಎದುರಿಗಿದ್ದ ಬಸ್ಸು ಹತ್ತಿಬಿಟ್ಟೆ. ಮನೆಗೆ ಬಂದು ವೆಬ್‌ಸೈಟ್ ಮುಚ್ಚಿಸಿದೆ. ಕಣ್ಣು ಕಾಣಲ್ಲ, ಸಾಕು ಅಂತ ಎಲ್ಲರಿಗೂ ಹೇಳಿದೆ.

ಕೊರಟಗೆರೆಯಿಂದ ಬಂದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ನಾಗಲಮಡಿಕೆಗೆ ಹೋದೆ. ಲಕ್ಷ್ಮಕ್ಕ ಈಗ ತಾನೇ ಹೊಲಿಗೆ ಮಾಡುತ್ತಾಳೆ. ನೀರು ಕೊಟ್ಟಳು. ಕುಡಿಯುವ ಮೊದಲೇ ಹೇಳಬೇಕು ಅಂತ ಲೋಟ ಕೆಳಗಿಟ್ಟೆ. ಒಂದೂ ಬಿಡದೆ ಹೇಳಿದೆ. ಅವಳ ಗಂಡ ನನ್ನನ್ನು ಕೇಳಿದ್ದು, ಓದಿದೆ ಅಂತ ನಾನು ಅಂದದ್ದು, ಬಸ್ ನಿಲ್ದಾಣದಲ್ಲಿ ಅಳಿಸಿದ್ದು, ಆ ಹುಡುಗಿ ಬಾಗಿಲಲ್ಲಿ ನಿಂತು ಕಾಗದ ಕೊಟ್ಟದ್ದು, ನಾನು ಬರೆದುಕೊಟ್ಟದ್ದು.

ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು.

"ಅಂಗಾದ್ರೆ ನಾನು ಮಣ್ಣು ತೂರಿದ್ದು ಯಾರ ಮ್ಯಾಲೆ ಸಾರೂ?"

ಅಂಗೈಯನ್ನು ಸೀರೆಗೆ ಒರೆಸಿಕೊಂಡು ಅವಳೇ ಮತ್ತೆ ಕೇಳಿದಳು.

"ಆಯಮ್ಮ ಈಗ ಎಲ್ಲವ್ಳೆ?"

"ಶಿರಾದಾಗೆ ಒಂದು ಸಲ ನೋಡಿದ್ದೆ. ಎಲ್ಲಿ ಕೆಲಸ ಅಂತ ಕೇಳಲಿಲ್ಲ."

"ನಾನು ಹೋಗಬೇಕು. ಹುಡುಕ್ತೀನಿ. ಆಯಮ್ಮನ ಕೈ ಹಿಡ್ಕಂಡು, ಹಾಕಿದ ಶಾಪ ನಾನೇ ವಾಪಸ್ ತಗಬೇಕು." ಎದ್ದು ಗಂಡನ ಅಳತೆ ಪುಸ್ತಕದಿಂದ ಒಂದು ಖಾಲಿ ಹಾಳೆ ಹರಿದಳು, ಪೆನ್ಸಿಲ್ ಜೊತೆ ನನ್ನ ಮುಂದಿಟ್ಟಳು. "ಹೆಸರು ಬರೀರಿ. ಹೆಸರೂ ಗೊತ್ತಿಲ್ದೆ ಅಷ್ಟು ದೊಡ್ಡ ಮಾತು ಅಂದ್ಬುಟ್ಟೆ ನಾನು. ನೀವು ಮಾಪ್ ಕೇಳಿದ್ರಾ ಅವಳ್ನ?"

"ಇಲ್ಲ ಲಕ್ಷ್ಮಕ್ಕ."

"ಬರೀರಿ ಮತ್ತೆ."

ಪೆನ್ಸಿಲ್ ತೆಗೆದುಕೊಂಡೆ. ಅವಳು ಕಾದಳು. ಹುಡುಕಲು ಬೇಕಾದೀತೆಂದು ಹುಡುಗಿಯ ಅಪ್ಪನ ಊರು ತೋವಿನಕೆರೆ ಅಂತ ಮೊದಲು ಬರೆದೆ. ಅದರ ಮೇಲೆ, ಸ್ವಲ್ಪ ದಪ್ಪಕ್ಷರದಲ್ಲಿ ಹೆಸರು ಬರೆದೆ. ಪುಷ್ಪಲತಾ.